ಬೇರೆ ಬೇರೆ ಕಾಲುಗಳ ಊರು

ಎಂಟು ಲೇನಿನ ಟ್ರ್ಯಾಕಿನಲ್ಲಿ ಒಳಗಿನ ಲೇನು ಹಿಡಿದು ಒಂದು ಸುತ್ತು ಬಂದರೆ 400 ಮೀಟರ್. ಎಂಟನೆಯ ಲೇನಿನಲ್ಲಿ ಅದೇ ಒಂದು ಸುತ್ತಿಗೆ 453 ಮೀಟರ್ ಆಗುತ್ತದೆ. ಆದ್ದರಿಂದ 400 ಮೀಟರ್ ಸ್ಪರ್ಧೆಯಲ್ಲಿ ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುವ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಡೆ ಗೆರೆ ಎಳೆಯುತ್ತಾರೆ. ನಮ್ಮ ಕಾಲದ ಪಿ.ಟಿ. ಮಾಸ್ಟ್ರು ಟೇಪು ಹಿಡಿದು, ಸುಣ್ಣದ ಪುಡಿ ಉದುರಿಸಿ ಆ ಗೆರೆಗಳನ್ನು ಹಾಕುವಾಗ ಹೊರಗೆ ಕುಳಿತ ಹೆತ್ತವರಲ್ಲಿ ಯಾರಾದರೊಬ್ಬರು ತಕರಾರು ತೆಗೆಯುತ್ತಿದ್ದರು: “ಆ ಹುಡುಗನನ್ನು ಯಾಕೆ ಅಷ್ಟು ಮುಂದೆ ನಿಲ್ಲಿಸಿದ್ದು ಮಾಸ್ಟ್ರೇ?” ಮಾಸ್ಟ್ರು ತಲೆ ಎತ್ತದೆ ಹೇಳುತ್ತಿದ್ದರು, “ಒಂದೇ ಕಡೆ ನಿಲ್ಲಿಸಿದರೇ ಮೋಸ.”

ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಬೆಳಗಿನ ಹೊತ್ತು ಓಡುವಾಗ ಆ ಮಾತು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅರುವತ್ತೈದು ದಾಟಿದ ಮೇಲೆ, ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ವರ್ಷಗಳಾದ ಮೇಲೆ, ಓಟ ನನಗೆ ಸ್ಪರ್ಧೆಯಾಗಿ ಉಳಿದಿಲ್ಲ. ದಿನದ ಕೆಲಸಗಳಲ್ಲಿ ಅದೂ ಒಂದು. ವಾರದ ದಿನಗಳಲ್ಲಿ ಅಜ್ಜರಕಾಡು, ಇಲ್ಲವೇ ಕಲ್ಸಂಕದಿಂದ ಮಣಿಪಾಲದ ಏರು. ಭಾನುವಾರ ಕಾಪುವಿನ ಕಡಲತೀರ ಅಥವಾ ಕಾರ್ಕಳದ ಗುಡ್ಡ. ಈ ನಾಲ್ಕು ಊರುಗಳ ನೆಲ ನಾಲ್ಕು ಥರದ್ದು, ಓಡುವವರು ನಾನ್ನೂರು ಥರದವರು. ಇಷ್ಟು ವರ್ಷ ಅವರ ಜೊತೆ ಓಡಿದ್ದರಿಂದ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಲು ಕಲಿತಿದ್ದೇನೆ. ಒಬ್ಬರ ದೇಹ, ವಯಸ್ಸು, ಹುಟ್ಟು, ನಂಬಿಕೆ ತಂದಿಟ್ಟ ಭಿನ್ನತೆ ಒಂದು. ಆ ಭಿನ್ನತೆಯನ್ನು ನೆಪ ಮಾಡಿಕೊಂಡು ಉಳಿದವರು ಅಡ್ಡ ಇಟ್ಟ ಕಲ್ಲು ಇನ್ನೊಂದು. ಮೊದಲನೆಯದನ್ನು ಒಪ್ಪಿಕೊಳ್ಳಬೇಕು, ಎರಡನೆಯದನ್ನು ಎತ್ತಿ ಬದಿಗಿಡಬೇಕು. ಎರಡೂ ಹೊರಗಿನಿಂದ ಒಂದೇ ಥರ ಕಾಣುವುದರಿಂದ ನಾವು ಆಗಾಗ ತಿರುಗಾಮುರುಗಾ ಮಾಡುತ್ತೇವೆ.

ಒಪ್ಪಿಕೊಳ್ಳಬೇಕಾದ ಮೊದಲ ಭಿನ್ನತೆ ನಮ್ಮ ಮೈಯಲ್ಲೇ ಇರುತ್ತದೆ. ಮೂವತ್ತರಲ್ಲಿ ಇದ್ದ ನಾನು ಮತ್ತು ಈಗಿನ ನಾನು ಒಂದೇ ಹೆಸರಿನ ಇಬ್ಬರು ಮನುಷ್ಯರು. ದೇಹ ಗರಿಷ್ಠ ದುಡಿಯುವಾಗ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಲೆಕ್ಕ ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಶೇ. 10ರಂತೆ ಇಳಿಯುತ್ತ ಹೋಗುತ್ತದೆ. ನಿತ್ಯ ವ್ಯಾಯಾಮ ಮಾಡುವವರಲ್ಲಿ ಇಳಿತ ನಿಧಾನ, ಆದರೆ ನಿಲ್ಲುವುದಿಲ್ಲ. ಹೃದಯದ ಗರಿಷ್ಠ ಬಡಿತವೂ ವರ್ಷ ವರ್ಷ ತಗ್ಗುತ್ತದೆ, ಸ್ನಾಯು ಕರಗುತ್ತದೆ, ಸ್ನಾಯುರಜ್ಜು ಬಿಗಿಯಾಗುತ್ತದೆ. ಇಂದ್ರಾಳಿ ರೈಲ್ವೆ ಸೇತುವೆ ದಾಟಿ ಮಣಿಪಾಲದ ಏರು ಹತ್ತುವಾಗ ಹಿಂದೆ ಮಾತಾಡುತ್ತ ಓಡುತ್ತಿದ್ದ ಜಾಗದಲ್ಲಿ ಈಗ ನಡೆಯುತ್ತೇನೆ. ನಡೆದು, ಉಸಿರು ತಿರುಗಿಸಿಕೊಂಡು, ಮತ್ತೆ ಓಡುತ್ತೇನೆ.

ಹಿರಿಯರ ಕ್ರೀಡಾಕೂಟಗಳಲ್ಲಿ ಇದಕ್ಕೊಂದು ಒಳ್ಳೆಯ ಏರ್ಪಾಡು ಇದೆ. 35 ವರ್ಷದಿಂದ ಮೇಲೆ ಐದೈದು ವರ್ಷಕ್ಕೊಂದು ಗುಂಪು. ಅದಲ್ಲದೆ ವಯಸ್ಸಿಗೆ ತಕ್ಕ ಒಂದು ಕೋಷ್ಟಕವೂ ಇದೆ. ಓಡಿದ ಸಮಯವನ್ನು ಅದರಲ್ಲಿ ಕೊಟ್ಟ ಅಂಶದಿಂದ ಗುಣಿಸಿದರೆ ತರುಣರ ಸಮಯಕ್ಕೆ ಹೋಲಿಸಬಹುದಾದ ಅಂಕಿ ಸಿಗುತ್ತದೆ. ಎಪ್ಪತ್ತರ ಗಂಡಸೊಬ್ಬ 10 ಕಿ.ಮೀ.ಯನ್ನು ಒಂದು ಗಂಟೆಯಲ್ಲಿ ಮುಗಿಸಿದರೆ ಅದು ತರುಣನೊಬ್ಬನ ಮುಕ್ಕಾಲು ಗಂಟೆಯ ಆಸುಪಾಸಿನ ಓಟಕ್ಕೆ ಸಮ. ಇದರಲ್ಲಿ ಮುದುಕರ ಮೇಲೆ ಕನಿಕರವೇನಿಲ್ಲ. ಪಿ.ಟಿ. ಮಾಸ್ಟ್ರು ಎಳೆದ ಸುಣ್ಣದ ಗೆರೆಯ ಲೆಕ್ಕವೇ ಇದೂ.

ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟದ ಓಟಗಾರ ಕೆನಡಾದ ಎಡ್ ವಿಟ್‌ಲಾಕ್. ಎಪ್ಪತ್ತು ದಾಟಿದ ಮೇಲೆ ಮ್ಯಾರಥಾನನ್ನು ಮೂರು ಗಂಟೆಯ ಒಳಗೆ ಓಡಿದ ಮೊದಲಿಗ. 2003ರಲ್ಲಿ, 72ನೇ ವಯಸ್ಸಿನಲ್ಲಿ ಅದನ್ನು ಸಾಧಿಸಿದರು. ಮರುವರ್ಷ 73ರಲ್ಲಿ 2 ಗಂಟೆ 54 ನಿಮಿಷ 48 ಸೆಕೆಂಡು. ಅವರ ತರಬೇತಿ ಮನೆ ಹತ್ತಿರದ ಸ್ಮಶಾನದ ದಾರಿಯಲ್ಲಿ, ತೀರ ನಿಧಾನಗತಿಯಲ್ಲಿ, ಗಂಟೆಗಟ್ಟಲೆ ಸುತ್ತು ಹಾಕುವುದು. ಕೋಚ್ ಇಲ್ಲ, ಹೊಸ ವಿಧಾನ ಯಾವುದೂ ಇಲ್ಲ. ತನ್ನ ಮೈಗೆ ಒಗ್ಗಿದ್ದನ್ನು ಗುರುತಿಸಿ, ಅದನ್ನೇ ಮಾಡಿದರು. 2016ರಲ್ಲಿ 85ರ ವಯಸ್ಸಿನಲ್ಲೂ ನಾಲ್ಕು ಗಂಟೆಯ ಒಳಗೆ ಮ್ಯಾರಥಾನ್ ಮುಗಿಸಿ, ಮರುವರ್ಷ ತೀರಿಕೊಂಡರು.

ದಿನವೂ ಓಡುವುದೆಂದರೆ ಇನ್ನೊಂದು ಹೆಸರು ಇಂಗ್ಲೆಂಡಿನ ರಾನ್ ಹಿಲ್. 1964ರ ಡಿಸೆಂಬರಿನಿಂದ 2017ರ ಜನವರಿಯವರೆಗೆ, ಐವತ್ತೆರಡು ವರ್ಷ, ಒಂದು ದಿನವೂ ಬಿಡದೆ ಕನಿಷ್ಠ ಒಂದು ಮೈಲಿ ಓಡಿದವರು. ಅವರ ಛಲ ನನಗೆ ದೊಡ್ಡದು, ಆದರೆ ನನ್ನ ದಾರಿ ಅದಲ್ಲ. ನನಗೆ ಒಗ್ಗಿದ್ದು ಪಿಗ್ಮಿ ಠೇವಣಿಯ ಕ್ರಮ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಅದನ್ನು ಶುರು ಮಾಡಿದಾಗ ಏಜೆಂಟರು ಅಂಗಡಿ ಅಂಗಡಿಗೆ, ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಬೀಡಿ ಕಟ್ಟುವವಳ ಎರಡಾಣೆ, ಜವಳಿ ಅಂಗಡಿಯವನ ಎರಡು ರೂಪಾಯಿ, ಎರಡೂ ಒಂದೇ ಪುಸ್ತಕಕ್ಕೆ ಸೇರುತ್ತಿತ್ತು. ಒಂದು ದಿನ ಕೈಯಲ್ಲಿ ಇಲ್ಲದಿದ್ದರೆ ನಾಳೆ ಕೊಡಬಹುದಿತ್ತು, ಖಾತೆ ಮುಚ್ಚಿಹೋಗುತ್ತಿರಲಿಲ್ಲ. ಓಟದಲ್ಲೂ ಅವರವರ ಕೈಲಾದಷ್ಟು ಕಟ್ಟಿದರಾಯಿತು. ಮೈ ಹೇಳಿದ ದಿನ ಎರಡು ಕಿಲೋಮೀಟರಿಗೇ ನಿಲ್ಲಿಸುತ್ತೇನೆ, ಜ್ವರ ಬಂದರೆ ಮಲಗುತ್ತೇನೆ.

ಹೀಗೆ ಕಟ್ಟುತ್ತ ಬಂದದ್ದು ವ್ಯರ್ಥವಲ್ಲ ಎಂದು ಹೇಳುವ ಗಟ್ಟಿ ಅಧ್ಯಯನವೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು 1984ರಲ್ಲಿ ಐವತ್ತು ದಾಟಿದ ಓಟಗಾರರನ್ನೂ ಓಡದ ಅದೇ ಪ್ರಾಯದವರನ್ನೂ ಗುರುತಿಸಿ ಇಪ್ಪತ್ತು ವರ್ಷದ ಆಸುಪಾಸು ಹಿಂಬಾಲಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 19 ವರ್ಷದ ನಂತರ ತೀರಿಕೊಂಡವರ ಪ್ರಮಾಣ ಓಟಗಾರರಲ್ಲಿ ಶೇ. 15, ಉಳಿದವರಲ್ಲಿ ಶೇ. 34. “ಈ ಪ್ರಾಯದಲ್ಲಿ ಓಡಿದರೆ ಗಂಟು ಸವೆದು ಹೋಗುತ್ತದೆ ಮಾರಾಯ್ರೆ” ಎಂದು ಹೋಟೆಲಿನಲ್ಲಿ ಎಚ್ಚರಿಸುವ ಮಿತ್ರರಿಗೆ ನಾನು ಹೇಳುವುದು ಅದೇ ತಂಡದ ಇನ್ನೊಂದು ಮಾತು: ಮೊಣಕಾಲಿನ ಸಂಧಿವಾತ ಓಟಗಾರರಲ್ಲಿ ಹೆಚ್ಚಿಗೆ ಕಾಣಲಿಲ್ಲ. ಆದರೂ ನನ್ನ ಮೊಣಕಾಲಿನ ಲೆಕ್ಕ ಇನ್ನೊಬ್ಬರ ಮೊಣಕಾಲಿಗೆ ಅನ್ವಯಿಸುವುದಿಲ್ಲ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಬೂಟು ಕಟ್ಟಬೇಕು.

ಬೂಟಿನ ಮಾತು ಬಂತು. ಉಡುಪಿ ಪೇಟೆಯಲ್ಲಿ ನಾನು ಬೂಟಿನ ಅಡಿ ಅಂಟಿಸಿಕೊಳ್ಳುವ ಚಪ್ಪಲಿ ರಿಪೇರಿಯವರೊಬ್ಬರಿದ್ದಾರೆ. ಬೂಟು ಕೈಗೆ ಕೊಟ್ಟ ಕೂಡಲೇ ಅವರು ಅದನ್ನು ಬೋರಲು ಹಾಕಿ ಹೆಬ್ಬೆರಳಿನಿಂದ ಅಡಿಯನ್ನು ಸವರುತ್ತಾರೆ. ಹಿಮ್ಮಡಿಯ ಹೊರಅಂಚು ಸವೆದಿದ್ದರೆ ಒಂದು ಜಾತಿಯ ನಡಿಗೆ, ಹೆಬ್ಬೆರಳ ಬುಡ ಸವೆದಿದ್ದರೆ ಇನ್ನೊಂದು. ನನ್ನ ಎಡಗಾಲು ಹೊರಗಡೆ ವಾಲುತ್ತದೆ ಎಂದು ಮೊದಲು ಹೇಳಿದವರು ಅವರೇ. ನಮ್ಮ ಓಟದ ಬಳಗದ ಹಲವರ ಬೂಟುಗಳು ಅವರಲ್ಲಿಗೆ ಹೋಗುತ್ತವೆ. ಸಾಲಾಗಿ ಬೋರಲು ಮಲಗಿದ ಆ ಬೂಟುಗಳಲ್ಲಿ ಒಂದರ ಸವೆತ ಇನ್ನೊಂದರ ಹಾಗಿಲ್ಲ. ಒಂದೇ ಜೋಡಿಯ ಎಡಬಲವೂ ಒಂದೇ ಥರ ಇಲ್ಲ. ಪೋಲಿಯೋದಿಂದ ಒಂದು ಕಾಲು ಗಿಡ್ಡವಾದ, ಆದರೂ ವೇಗವಾಗಿ ನಡೆಯುವ ನಮ್ಮ ಗೆಳೆಯರ ಬೂಟಿಗೆ ಅವರು ಅರ್ಧ ಇಂಚು ದಪ್ಪದ ರಬ್ಬರು ಸೇರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ ಕೊಟ್ಟರು. “ಕಾಲು ಸರಿ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ, ನೆಲವನ್ನು ಸ್ವಲ್ಪ ಮೇಲೆ ತಂದೆ” ಎಂದರು. ಭಿನ್ನತೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ನೇರವಾದದ್ದು ಇನ್ನೊಂದಿಲ್ಲ.

ಉಡುಪಿ ಜಿಲ್ಲೆಯ ಕೋಟದಲ್ಲಿ 1958ರಲ್ಲಿ ಹುಟ್ಟಿದ ಮಾಲತಿ ಹೊಳ್ಳ ಅವರನ್ನು ಇಲ್ಲಿ ನೆನೆಯಬೇಕು. ಎಳೆಯ ಮಗುವಾಗಿದ್ದಾಗಲೇ ಪೋಲಿಯೋ ಬಡಿದು, ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ಕಂಡ ದೇಹ. ಅವರು ಗಾಲಿಕುರ್ಚಿಯಲ್ಲಿ ಓಟದ ಸ್ಪರ್ಧೆಗಿಳಿದರು, ಗುಂಡು, ಭರ್ಚಿ ಎಸೆದರು. ದೇಶ ವಿದೇಶಗಳಲ್ಲಿ ಪದಕಗಳನ್ನು ಗೆದ್ದರು. ಅರ್ಜುನ ಪ್ರಶಸ್ತಿ ಬಂತು, 2001ರಲ್ಲಿ ಪದ್ಮಶ್ರೀ ಬಂತು. ಅವರು ಕೂಡ ಬ್ಯಾಂಕಿನ ಉದ್ಯೋಗಿಯಾಗಿದ್ದವರು ಎಂಬುದು ನನಗೆ ಹೆಮ್ಮೆಯ ಸಂಗತಿ. ಅವರ ಕಾಲು ಭಿನ್ನ, ಅದು ಒಪ್ಪಿಕೊಳ್ಳಬೇಕಾದದ್ದು. ಆದರೆ ಗಾಲಿಕುರ್ಚಿ ಹತ್ತದ ಮೆಟ್ಟಿಲು ಯಾರ ಹಣೆಬರಹವೂ ಅಲ್ಲ, ಕಟ್ಟಿದವರ ಅಜಾಗ್ರತೆ. ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಘಟ್ಟದ ಆಚೆ ಮೂಡಿಗೆರೆ ತಾಲೂಕಿನ ರಕ್ಷಿತಾ ರಾಜು ಅವರ ಓಟ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹುಟ್ಟಿನಿಂದ ಕಣ್ಣು ಕಾಣದ ಈ ಹುಡುಗಿ 1500 ಮೀಟರ್ ಓಟದಲ್ಲಿ 2018ರ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು, 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ಮತ್ತೆ ಗೆದ್ದರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿದರು. ಪಕ್ಕದಲ್ಲಿ ಮಾರ್ಗದರ್ಶಿ ಓಟಗಾರ ರಾಹುಲ್ ಬಾಲಕೃಷ್ಣ. ಇಬ್ಬರ ಕೈಗಳ ನಡುವೆ ಒಂದು ಗಿಡ್ಡ ಪಟ್ಟಿ. ಈ ವಿಭಾಗದ ನಿಯಮಗಳನ್ನು ಓದಿದಾಗ ನಾನು ಬೆರಗಾದೆ. ಮಾರ್ಗದರ್ಶಿ ಓಟಗಾರನು ಆಟಗಾರ್ತಿಯನ್ನು ಎಳೆಯುವಂತಿಲ್ಲ, ಮುಂದಕ್ಕೆ ತಳ್ಳುವಂತಿಲ್ಲ, ಅಂತಿಮ ಗೆರೆಯನ್ನು ಅವಳಿಗಿಂತ ಮೊದಲು ದಾಟುವಂತಿಲ್ಲ. ಸ್ಪರ್ಧಿಗಳೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ, ಅಲ್ಪಸ್ವಲ್ಪ ಬೆಳಕು ಕಾಣುವವರಿಗೂ ಅದೇ ಕತ್ತಲೆ ಇರಲಿ ಎಂದು. ಜೊತೆಗಾರ ಅವಳ ಹೆಜ್ಜೆಗೆ ಹೆಜ್ಜೆ ಹೊಂದಿಸಬೇಕು, ಕೈಯ ಬೀಸು ಕೂಡ ಒಂದಾಗಬೇಕು, ತಿರುವು ಬಂದಾಗ ಹೇಳಬೇಕು. ಓಟ ಮಾತ್ರ ಅವಳದೇ. ಜೊತೆಗೆ ಇರುವುದು ಹೇಗೆ ಎಂಬುದನ್ನು ಇಷ್ಟು ಖಚಿತವಾಗಿ ಬರೆದಿಟ್ಟ ನಿಯಮ ಬೇರೆಲ್ಲೂ ನಾನು ಕಂಡಿಲ್ಲ.

ಮಣಿಪಾಲ ಬೇರೆಯದೇ ಲೋಕ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ವೈದ್ಯಕೀಯ ಕಾಲೇಜು ತೆರೆಯುವ ಮೊದಲು ಅದು ಬೋಳು ಮುರಕಲ್ಲಿನ ಗುಡ್ಡ. ಈಗ ಮಣ್ಣಪಳ್ಳ ಕೆರೆಯ ಸುತ್ತ ಬೆಳಗ್ಗೆ ಓಡಿದರೆ ಹತ್ತಾರು ಭಾಷೆ ಕಿವಿಗೆ ಬೀಳುತ್ತವೆ: ಮಲಯಾಳ, ಹಿಂದಿ, ತೆಲುಗು, ಈಶಾನ್ಯದ ಯಾವುದೋ ನುಡಿ, ನಡುವೆ ನಮ್ಮ ತುಳು ಕೊಂಕಣಿ. ಎಂಡ್ ಪಾಯಿಂಟಿನ ಅಂಚಿನಲ್ಲಿ, ಕೆಳಗೆ ಸ್ವರ್ಣಾ ನದಿ ಕಾಣುವ ಕಡೆ, ಚಡ್ಡಿ ತೊಟ್ಟು ಓಡುವ ಹುಡುಗಿಯರೂ ಬುರ್ಖಾದ ಕೆಳಗೆ ಓಟದ ಬೂಟು ಹಾಕಿ ಬಿರುಸಾಗಿ ನಡೆಯುವ ಹೆಂಗಸರೂ ಒಂದೇ ದಾರಿಯಲ್ಲಿ ಎದುರಾಗುತ್ತಾರೆ. ಸೀರೆ ಮೇಲಕ್ಕೆ ಕಟ್ಟಿ, ಬಿಳಿ ಬೂಟು ಹಾಕಿ ನಡೆಯುವ ನನ್ನ ಪ್ರಾಯದ ಅಮ್ಮಂದಿರೂ ಇದ್ದಾರೆ. ಯಾರ ಬಟ್ಟೆಯೂ ಯಾರ ಓಟಕ್ಕೂ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ನೋಡುವವರ ಕಣ್ಣು.

ಅದಕ್ಕೆ ದೊಡ್ಡ ಚರಿತ್ರೆಯೇ ಇದೆ. 1928ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆಯಿತು. ಓಡಿ ಸುಸ್ತಾದ ಹೆಂಗಸರನ್ನು ಕಂಡು, ಇದು ಹೆಣ್ಣಿನ ದೇಹಕ್ಕೆ ಆಗದ ಕೆಲಸ ಎಂದು ತೀರ್ಮಾನಿಸಿ ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಸೇರಿಸಿದ್ದು 1960ರಲ್ಲಿ. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಓಡಿ ದಣಿದ ಗಂಡಸು ವೀರ, ಓಡಿ ದಣಿದ ಹೆಂಗಸು ರೋಗಿ! ಭಿನ್ನತೆಯ ಹೆಸರಿನಲ್ಲಿ ಅಡ್ಡಗಲ್ಲು ಇಡುವುದೆಂದರೆ ಇದೇ. ನಮ್ಮದೇ ಜಿಲ್ಲೆಯ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲೂ ಏಷ್ಯನ್ ಗೇಮ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲೂ ಚಿನ್ನ ತಂದಾಗ ಊರಿಡೀ ಸಂಭ್ರಮಿಸಿತು. ಆದರೆ ಇವತ್ತಿಗೂ ಬೆಳಗಿನ ಐದು ಗಂಟೆಗೆ ನಾನು ನಿಶ್ಚಿಂತೆಯಿಂದ ಇಳಿಯುವ ರಸ್ತೆಗೆ ನಮ್ಮ ಬಳಗದ ಹೆಂಗಸರು ಬೆಳಕು ಹರಿದ ಮೇಲೆಯೇ ಇಳಿಯುತ್ತಾರೆ. ಆ ಒಂದು ಗಂಟೆಯ ವ್ಯತ್ಯಾಸ ಅವರ ಮೈಯಲ್ಲಿಲ್ಲ, ನಮ್ಮ ಬೀದಿಯಲ್ಲಿದೆ.

ಕರಾವಳಿಯ ಓಟಕ್ಕೆ ಹವೆಯ ಕಾಟ ಬೇರೆ. ಮುಂಜಾನೆಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಣಿಸುವುದಿಲ್ಲ. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಪಾಚಿ, ರಸ್ತೆಯ ಹೊಂಡದಲ್ಲಿ ಇಲಿಜ್ವರದ ಭಯ. ಕಾಲಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಬಾರದು. ಒದ್ದೆ ಬೂಟಿನೊಳಗೆ ಹಳೆಯ ಪೇಪರು ತುರುಕಿ ಒಣಗಿಸುವ ಕೆಲಸ ಆಟಿ ತಿಂಗಳಿಡೀ ನಡೆಯುತ್ತದೆ.

ಉಡುಪಿಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಕಟಪಾಡಿ. ಅಲ್ಲಿಯ ಮೂಡು-ಪಡು ಕಂಬಳ ನೋಡಿದವರಿಗೆ ಓಟದ ಇನ್ನೊಂದು ಮುಖ ಗೊತ್ತಿದೆ. ಕೆಸರು ಗದ್ದೆ, ಕೋಣಗಳ ಜೋಡಿ, ಹಿಂದೆ ಬರಿಗಾಲಿನ ಓಟಗಾರ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದು, ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿ ಉಸೇನ್ ಬೋಲ್ಟ್ ಜೊತೆ ಹೋಲಿಸಿದ್ದು ದೇಶವಿಡೀ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟಿ ವೇಣೂರಿನಲ್ಲಿ ಇನ್ನೂ ಬೇಗ ಓಡಿದರು. ಗೌಡರನ್ನು ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆದಾಗ ಅವರು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು: ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳುಗಳ ಕೆಲಸ; ಅದು ಬೇರೆ, ಇದು ಬೇರೆ. ಕೋಣಗಳ ವೇಗವೂ ಆ ಓಟದಲ್ಲಿ ಸೇರಿದೆ. ಜಗತ್ತು ಅವರನ್ನು ಇನ್ನೊಬ್ಬರ ಅಳತೆಗೋಲಿನಲ್ಲಿ ಅಳೆದು ದೊಡ್ಡವರನ್ನಾಗಿ ಮಾಡಲು ಹೊರಟಿತ್ತು. ಅವರು ತಮ್ಮ ಗದ್ದೆಯಲ್ಲೇ ದೊಡ್ಡವರು, ಬೋಲ್ಟ್ ತಮ್ಮ ಟ್ರ್ಯಾಕಿನಲ್ಲಿ. ಎರಡರಲ್ಲಿ ಒಂದನ್ನು ಇನ್ನೊಂದರ ಕೆಳಗೆ ಇಡುವ ಅಗತ್ಯವೇ ಇಲ್ಲ.

ಕಾಪುವಿನ ಮರಳಲ್ಲಿ ಓಡುವುದು ಕಾಲಿಗೆ ಕಷ್ಟ, ಮನಸ್ಸಿಗೆ ಹಬ್ಬ. ಮೆತ್ತನೆಯ ಮರಳಿನ ಮೇಲೆ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು ಎಂದು ಬೆಲ್ಜಿಯಂನ ವಿಜ್ಞಾನಿಗಳು 1998ರಲ್ಲೇ ಅಳೆದು ತೋರಿಸಿದ್ದಾರೆ. ನೀರು ಇಳಿದ ಒದ್ದೆ ಮರಳಿನ ಪಟ್ಟಿ ಗಟ್ಟಿಯಾಗಿರುತ್ತದೆ. ಅಲ್ಲಿ ಓಡಿದರೆ ಒಂದು ಬದಿ ಇಳಿಜಾರು, ಹೋಗುವಾಗ ಒಂದು ಕಾಲಿಗೆ ಭಾರ, ಬರುವಾಗ ಇನ್ನೊಂದಕ್ಕೆ. 1901ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಯ ಬುಡದಿಂದ ಹೊರಟರೆ ದಾರಿಯಲ್ಲಿ ಕೈರಂಪಣಿ ಎಳೆಯುವವರು ಸಿಗುತ್ತಾರೆ. ಬಲೆಯ ಎರಡು ತುದಿಯ ಹಗ್ಗಕ್ಕೆ ಎರಡು ಸಾಲು ಜನ, ಮುದುಕರೂ ಹುಡುಗರೂ. ಒಬ್ಬರ ತೋಳು ದಪ್ಪ, ಒಬ್ಬರದು ಸಪೂರ, ಎಳೆತ ಮಾತ್ರ ಒಂದೇ ತಾಳಕ್ಕೆ. “ಇನಿ ಏತ್?” ಎಂದು ನನ್ನನ್ನು ಕೇಳುತ್ತಾರೆ, ಎಷ್ಟು ಕಿಲೋಮೀಟರ್ ಎಂದು. ಹೇಳಿದರೆ, “ಮೆಲ್ಲ ಪೋಲೆ”, ನಿಧಾನ ಹೋಗಿ, ಎಂದು ಕಳಿಸಿಕೊಡುತ್ತಾರೆ.

ಈ ಕಡಲತೀರದ ಉದ್ದಕ್ಕೂ ಮೊಗವೀರರು ನಂಬುವ ಬೊಬ್ಬರ್ಯನ ಗುಡಿಗಳಿವೆ. ತುಳು ಹಾಡುಗಥೆಯಾದ ಪಾಡ್ದನದ ಪ್ರಕಾರ ಬೊಬ್ಬರ್ಯ ಬ್ಯಾರಿ (ಕರಾವಳಿಯ ಮುಸ್ಲಿಂ) ತಂದೆಯ ಮಗ, ಕಡಲಲ್ಲಿ ಹಡಗು ನಡೆಸಿದವನು, ಮಾಯವಾದ ಮೇಲೆ ದೈವವಾದವನು. ಹೆಜಮಾಡಿ ದಾಟಿ ಹೊಳೆಯಾಚೆ ಮೂಲ್ಕಿಗೆ ಹೋದರೆ ಬಪ್ಪನಾಡು ದುರ್ಗಾಪರಮೇಶ್ವರಿ. ಆ ದೇವಸ್ಥಾನದ ಹೆಸರಿನಲ್ಲೇ ಬಪ್ಪ ಬ್ಯಾರಿಯ ಕಥೆ ಇದೆ. ಹೀಗಿರುವ ಕರಾವಳಿಯಲ್ಲಿ, 2022ರ ಮಾರ್ಚ್‌ನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಯ ಸಂತೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಎಂಬುದು ದೇಶಮಟ್ಟದ ಸುದ್ದಿಯಾಯಿತು. ಅದೇ ದಿನಗಳಲ್ಲಿ, ಕಾಪುವಿನ ದೇವಸ್ಥಾನಗಳಲ್ಲಿ ತಲೆಮಾರುಗಳಿಂದ ನಾಗಸ್ವರ ನುಡಿಸುತ್ತ ಬಂದ ಮುಸ್ಲಿಂ ಕುಟುಂಬದ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ನಾನು ಆ ವರ್ಷ ಇವೆರಡನ್ನೂ ಅಕ್ಕಪಕ್ಕದಲ್ಲಿ ಓದಿ ತುಂಬ ನೊಂದುಕೊಂಡೆ. ಪೂಜೆ ಅವರವರದು, ನಂಬಿಕೆ ಅವರವರದು. ಅದು ಭಿನ್ನವಾಗಿರಲಿ, ಭಿನ್ನವಾಗಿಯೇ ಉಳಿಯಲಿ. ಬಳೆ, ಮಲ್ಲಿಗೆ, ಸಿಹಿತಿಂಡಿ ಮಾರುವ ಜಾಗಕ್ಕೆ ಬೇಲಿ ಹಾಕುವುದು ಭಿನ್ನತೆಯ ರಕ್ಷಣೆಯಲ್ಲ. ನಮ್ಮ ಭಾನುವಾರದ ಓಟದ ಬಳಗದಲ್ಲಿ ಬ್ಯಾರಿ ಮಿತ್ರರಿದ್ದಾರೆ, ಕ್ರೈಸ್ತ ಮಿತ್ರರಿದ್ದಾರೆ. ರಂಜಾನ್ ತಿಂಗಳಲ್ಲಿ ಬ್ಯಾರಿ ಮಿತ್ರರು ಬೆಳಗ್ಗೆ ಓಡದೆ ಸಂಜೆ, ಉಪವಾಸ ಬಿಡುವ ಮೊದಲಿನ ಅರ್ಧ ಗಂಟೆ ನಿಧಾನವಾಗಿ ಓಡುತ್ತಾರೆ. ಏಕಾದಶಿಯ ದಿನ ಉಪವಾಸವಿದ್ದು ನಡೆಯುವ ಭಟ್ಟರೊಬ್ಬರಿದ್ದಾರೆ. ಅವರೆಲ್ಲರಿಗೂ ಒಣಗಂಟಲಲ್ಲಿ ಹೆಜ್ಜೆ ಹಾಕುವ ಉಪಾಯ ಗೊತ್ತು, ಅದನ್ನೇ ಪರಸ್ಪರ ಮಾತಾಡಿಕೊಳ್ಳುತ್ತಾರೆ. ಓಟ ಮುಗಿದ ಮೇಲೆ ಒಬ್ಬರಿಗೆ ಕುಚ್ಚಲಕ್ಕಿ ಗಂಜಿ ಮೀನು, ಒಬ್ಬರಿಗೆ ಪತ್ತಿರಿ, ಒಬ್ಬರಿಗೆ ಈರುಳ್ಳಿ ಸೋಂಕದ ದೋಸೆ.

ಕಾರ್ಕಳದಲ್ಲಿ ಸಪಾಟು ನೆಲ ಕಡಿಮೆ. ಗೊಮ್ಮಟ ಬೆಟ್ಟದ ಸುತ್ತಿನ ರಸ್ತೆಗಳಲ್ಲಿ ಏರು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಏರು. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಬಾಹುಬಲಿ ಮೇಲೆ ನಿಂತಿದ್ದಾನೆ, ಮೈಗೆ ಬಳ್ಳಿ ಹಬ್ಬಿದರೂ ಕದಲದೆ. ಓಡುವವನಿಗೆ ಅದು ವಿಚಿತ್ರ ಆಕರ್ಷಣೆ. ನಾನು ಕದಲುವುದರಲ್ಲಿ ಹುಡುಕುವ ಸಮಾಧಾನವನ್ನು ಅವನು ಕದಲದೆ ಕಂಡ. ಎದುರಿನ ಚಿಕ್ಕ ಗುಡ್ಡದ ಮೇಲೆ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಕಡೆಯಿಂದ ಹತ್ತಿದರೂ ಎದುರು ದರ್ಶನ. ಸತ್ಯಕ್ಕೆ ಹಲವು ಮುಖ ಎಂಬ ಜೈನರ ಅನೇಕಾಂತ ವಿಚಾರ ಓದಿ ತಿಳಿಯದವನಿಗೂ ಇಲ್ಲಿ ಒಂದು ಸುತ್ತು ಹಾಕಿದರೆ ಸ್ವಲ್ಪ ಹೊಳೆಯುತ್ತದೆ.

ಈ ಬಸದಿಯ ಬಗ್ಗೆ ಕಾರ್ಕಳದವರು ಹೇಳುವ ಐತಿಹ್ಯ ನನಗೆ ಪ್ರಿಯ. ಇಲ್ಲಿಯ ಜೈನ ಅರಸ ಭೈರರಸ ಬಸದಿಯೆಂದು ಒಂದು ಕಟ್ಟಡ ಕಟ್ಟಿಸಿದ್ದನಂತೆ. ಆ ಹೊತ್ತಿಗೆ ಶೃಂಗೇರಿಯ ಗುರುಗಳು ಊರಿಗೆ ಬಂದರು. ಅವರಿಗೆ ಇಳಿದುಕೊಳ್ಳಲು ತಕ್ಕ ದೇವಸ್ಥಾನ ಇಲ್ಲವೆಂದು ಅರಸ ಹೊಸ ಕಟ್ಟಡವನ್ನೇ ಬಿಟ್ಟುಕೊಟ್ಟು ಅಲ್ಲಿ ಅನಂತಶಯನನನ್ನು ಪ್ರತಿಷ್ಠೆ ಮಾಡಿಸಿದ. ತನ್ನವರು ಬೇಸರಪಟ್ಟಾಗ ಬಂಡೆಯ ಮೇಲೆ ಚತುರ್ಮುಖ ಬಸದಿ ಕಟ್ಟಿಸಿದ. ಕಥೆಯ ವಿವರಗಳನ್ನು ಚರಿತ್ರಕಾರರು ಒರೆಗೆ ಹಚ್ಚಲಿ. ಊರು ಅದನ್ನು ತನ್ನ ಬಗ್ಗೆ ತಾನು ಹೇಳಿಕೊಳ್ಳಲು ಆರಿಸಿಕೊಂಡಿದೆ ಎಂಬುದೇ ನನಗೆ ದೊಡ್ಡದು. ಕಥೆಯಲ್ಲಿ ಯಾರೂ ಯಾರಂತೆಯೂ ಆಗಲಿಲ್ಲ. ಅರಸ ಜೈನನಾಗಿಯೇ ಉಳಿದ, ಗುರುಗಳು ಗುರುಗಳಾಗಿಯೇ. ಒಂದರ ಬದಲು ಎರಡು ಕಟ್ಟಡಗಳಾದವು. ಭಾನುವಾರ ಅನಂತಶಯನದಿಂದ ಹೊರಟು, ಬಸದಿಯ ಬುಡ ಹಾದು, ಪಡುತಿರುಪತಿಯ ವೆಂಕಟರಮಣನ ರಥಬೀದಿ ಸುತ್ತಿ, ಅತ್ತೂರಿನ ಕಡೆ ತಿರುಗಿದರೆ ಸಂತ ಲಾರೆನ್ಸರ ಬಸಿಲಿಕ. 2016ರಲ್ಲಿ ಬಸಿಲಿಕದ ಪದವಿ ಬಂದ ಈ ಇಗರ್ಜಿಯ ಜನವರಿ ಜಾತ್ರೆಗೆ ಮೊಂಬತ್ತಿ ಹರಕೆ ಹೇಳಿಕೊಂಡು ಬರುವವರಲ್ಲಿ ಎಲ್ಲ ಮತದವರೂ ಇದ್ದಾರೆ. ನನ್ನ ತಾಯಿಯೂ ಹೋಗುತ್ತಿದ್ದರು.

ಹಿರಿಯ ಓಟಗಾರರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪಂಜಾಬಿನ ಫೌಜಾ ಸಿಂಗ್ ಐದು ವರ್ಷದವರೆಗೆ ನಡೆಯದ ಮಗು. ತೊಂಬತ್ತರ ಹೊಸ್ತಿಲಲ್ಲಿ ಓಟ ಹಿಡಿದು, 2011ರಲ್ಲಿ ನೂರರ ಪ್ರಾಯದಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದರು. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್ ಅದನ್ನು ದಾಖಲಿಸಲಿಲ್ಲ. ಅವರು ತೀರಿಕೊಂಡದ್ದು 2025ರ ಜುಲೈಯಲ್ಲಿ, ತಮ್ಮೂರ ಬಳಿಯ ರಸ್ತೆಯಲ್ಲಿ ವಾಹನ ಬಡಿದು. ಕಾಪು, ಉಚ್ಚಿಲ, ಪಡುಬಿದ್ರಿಯ ಉದ್ದಕ್ಕೂ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕತ್ತಲಲ್ಲಿ ಓಡುವವರನ್ನು ಕಂಡಾಗ ನನ್ನ ಎದೆ ನಡುಗುತ್ತದೆ. ಸರ್ವಿಸ್ ರಸ್ತೆಯಲ್ಲಿ, ವಾಹನಗಳಿಗೆ ಎದುರಾಗಿ, ಬೆಳಕಿಗೆ ಹೊಳೆಯುವ ಅಂಗಿ ತೊಟ್ಟು ಓಡಬೇಕು. ಕಿವಿಗೆ ಹಾಡು ತುರುಕಿಕೊಳ್ಳಬಾರದು. ನಿಧಾನ ನಡೆಯುವವರಿಗೆ, ಸೈಕಲ್ಲಿನವರಿಗೆ, ಊರುಗೋಲಿನವರಿಗೆ ಜಾಗ ಇಡದ ರಸ್ತೆಯನ್ನು ಅಭಿವೃದ್ಧಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಮಣಿಪಾಲದಲ್ಲೂ ಉಡುಪಿಯಲ್ಲೂ ಈಗ ಮ್ಯಾರಥಾನ್‌ಗಳು ನಡೆಯುತ್ತವೆ, ಸಾವಿರಾರು ಜನ ಸೇರುತ್ತಾರೆ, ನೋಡಿದರೆ ಸಂತೋಷ ಉಕ್ಕುತ್ತದೆ. ಓಟಗಳನ್ನು ಏರ್ಪಡಿಸುವವರಲ್ಲಿ, ಇಲ್ಲಿ ಮಾತ್ರವಲ್ಲ ನಾಡಿನ ಎಲ್ಲ ಕಡೆ, ನನ್ನ ಕೋರಿಕೆ ಒಂದೆರಡು ಇವೆ. ಅಂತಿಮ ಗೆರೆಯ ಕಮಾನನ್ನು ಕೊನೆಯ ಮನುಷ್ಯ ಬಂದು ಮುಟ್ಟುವ ತನಕ ಬಿಚ್ಚಬೇಡಿ. ಬಹುಮಾನದ ಭಾಷಣ ಮುಗಿದು, ಕುರ್ಚಿ ಜೋಡಿಸುವ ಹೊತ್ತಿಗೆ ಬರುವ ಎಪ್ಪತ್ತರ ಅಜ್ಜಿಗೂ ನೀರಿನ ಲೋಟ ಉಳಿದಿರಲಿ. ಗಾಲಿಕುರ್ಚಿಯವರನ್ನು ಉದ್ಘಾಟನೆಯ ಫೋಟೊಕ್ಕೆ ಕರೆದು ಕಳಿಸಿಬಿಡದೆ ಅವರಿಗೂ ಸಮಯ ಅಳೆಯುವ ಚಿಪ್ ಕೊಡಿ. ಕಣ್ಣು ಕಾಣದವರ ಜೊತೆ ಓಡಲು ಸಿದ್ಧರಿರುವವರ ಹೆಸರನ್ನು ನೋಂದಣಿ ಅರ್ಜಿಯಲ್ಲೇ ಕೇಳಿ ಇಟ್ಟುಕೊಳ್ಳಿ. ನಮ್ಮ ಬಳಗದಲ್ಲೇ ನಾಲ್ಕಾರು ಮಂದಿ ಇಬ್ಬರ ಕೈ ಜೋಡಿಸುವ ಆ ಗಿಡ್ಡ ಪಟ್ಟಿ ಹಿಡಿದು ಓಡುವುದನ್ನು ಕಲಿಯುತ್ತಿದ್ದೇವೆ. ಬೂಟಿನ ಲೇಸನ್ನು ಕುಣಿಕೆ ಮಾಡಿ ಇಬ್ಬರ ಕೈಗೆ ಸಿಕ್ಕಿಸಿ, ಒಬ್ಬರು ಕಣ್ಣು ಮುಚ್ಚಿ, ಇನ್ನೊಬ್ಬರು “ಬಲಕ್ಕೆ ತಿರುವು, ಮುಂದೆ ಉಬ್ಬು” ಎಂದು ಹೇಳುತ್ತ ಅಜ್ಜರಕಾಡಿನಲ್ಲಿ ಸುತ್ತು ಹಾಕುತ್ತೇವೆ. ಎತ್ತರದ ಹುಡುಗನೊಬ್ಬ ನನ್ನ ಜೋಡಿ. ಅವನ ಒಂದು ಹೆಜ್ಜೆಗೆ ನನ್ನದು ಒಂದೂವರೆ. ಸದ್ಯಕ್ಕೆ ಕೈಯ ಬೀಸು ಹೊಂದಿದೆ, ಹೆಜ್ಜೆ ಇನ್ನೂ ಹೊಂದಬೇಕು. ಸೇರಬಯಸುವವರು ಬೆಳಗ್ಗೆ ಆರು ಗಂಟೆಗೆ ಬನ್ನಿ, ಹೆಂಗಸರೂ ಬರಲಿ ಎಂದೇ ಹೊತ್ತನ್ನು ಒಂದು ಗಂಟೆ ಮುಂದಕ್ಕೆ ಹಾಕಿದ್ದೇವೆ.